ಚಮಚ ಕೆಳಗಿಡುವ ಮೊದಲೇ

“ಏನೋ ಸುಟ್ಟ ವಾಸನೆ!”

ಬಾಗಿಲಲ್ಲಿ ನಿಂತವನ ಮೊದಲ ಮಾತೇ ಅದು. ನಮಸ್ಕಾರ ಇಲ್ಲ, ಒಳಗೆ ಬರಲೇ ಎಂಬ ಪ್ರಶ್ನೆಯೂ ಇಲ್ಲ.

ಅವಳು ಬೆಚ್ಚಿಬಿದ್ದು ತಿರುಗಿದಳು. ಒಲೆ ಇದ್ದದ್ದು ಅವಳ ಮೊಣಕೈಯ ಪಕ್ಕದಲ್ಲೇ. ಬಾಣಲೆಯಲ್ಲಿ ಬಾಡಿಸಲು ಹಾಕಿದ್ದ ಕಿತ್ತಳೆ ಸಿಪ್ಪೆ ಕಪ್ಪಾಗಿ ಹೊಗೆ ಬಿಡುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ನಿಂತು ನೆಮ್ಮದಿಯಾಗಿ ಬಟ್ಟಲು ಒರೆಸುತ್ತಿದ್ದಳು!

‘ಅಯ್ಯೋ... ಇವತ್ತೇ ಆಗಬೇಕಿತ್ತಾ ಇದು?’

ತಟ್ಟನೆ ಒಲೆ ಆರಿಸಿದಳು. ತಲೆ ಎತ್ತಿ, “ಬೇಕಂತಲೇ ಬಿಟ್ಟಿದ್ದೆ. ಸ್ವಲ್ಪ ಸುಟ್ಟರೇನೇ ಅದರ ಕಹಿ ಬಿಡೋದು,” ಎಂದಳು.

ಹಸಿ ಸುಳ್ಳು.

ಅವನು ಬಾಣಲೆ ನೋಡಿದ. ಅವಳ ಮುಖ ನೋಡಿದ. ಮತ್ತೆ ಬಾಣಲೆ ನೋಡಿದ. “ಓ... ಹಾಗಾ?” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ.

ಅಷ್ಟರಲ್ಲಿ ಒಳಕೋಣೆಯಿಂದ ಚಿಕ್ಕಮ್ಮ ಕೆಮ್ಮುತ್ತಾ ಓಡಿ ಬಂದಳು. ಕೈಯಲ್ಲಿ ಅಂಟು, ಮೈಮೇಲೆಲ್ಲ ಚಹಾ ಪೊಟ್ಟಣದ ಚೀಟಿಗಳು. “ಏನೇ ಇದು, ಮನೆಗೆ ಬೆಂಕಿ ಇಟ್ಟುಬಿಟ್ಯಾ? ಓ, ಬನ್ನಿ ಸಾರ್, ಬನ್ನಿ! ಕಂಪನಿಯವರಲ್ವಾ? ಗಾಬರಿ ಆಗ್ಬೇಡಿ. ನಮ್ಮ ಮೂಗುರಾಣಿ ಏನು ಮಾಡಿದ್ರೂ ಅದಕ್ಕೊಂದು ಕಾರಣ ಇರುತ್ತೆ!”

ಮೂಗುರಾಣಿ!

ಆ ಹೆಸರು ಕೇಳಿದಾಗಲೆಲ್ಲ ಈಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಯಾಕೆಂದರೆ ನಮ್ಮ ಮೂಗುರಾಣಿಗೆ ವಾಸನೆಯೇ ಬರುತ್ತಿರಲಿಲ್ಲ.

ಒಂದು ಜ್ವರ ಬಂದಿತ್ತು, ಅಷ್ಟೇ. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಾಕ್ಟರು, “ಬಂದರೂ ಬರಬಹುದು, ಕಾಯಬೇಕು,” ಎಂದು ಕೈ ತೊಳೆದುಕೊಂಡರು. ಅವಳು ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಎದ್ದು ಚಿಕ್ಕಮ್ಮನ ಶಾಲಿಗೆ ಮುಖ ಒತ್ತಿ ಎಳೆದು ಉಸಿರು ತೆಗೆದುಕೊಳ್ಳುವುದು, ಏನೂ ಬರದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಳುವುದು. ಅವಳ ದಿನ ಹೀಗೆ ಶುರುವಾಗುತ್ತಿತ್ತು.

ಹೇಳುವುದಾದರೂ ಹೇಗೆ? ಮನೆಯಲ್ಲೇ ಪರಿಮಳದ ಚಹಾ ಬೆರೆಸಿ ಮಾರುವ ಈ ಇಬ್ಬರು ಹೆಂಗಸರ ಬಾಳಿನಲ್ಲಿ ದೊಡ್ಡ ಬಾಗಿಲೊಂದು ಆಗತಾನೇ ತೆರೆದಿತ್ತು. ಊರಿನ ಹಳೆಯ ಚಹಾ ಕಂಪನಿಯ ಯಜಮಾನಿ ಚಹಾಗಳನ್ನು ಹದವಾಗಿ ಬೆರೆಸುವ ತನ್ನ ಬೆರಕೆ ಕೋಣೆಗೆ ಒಬ್ಬ ಮುಖ್ಯಸ್ಥೆಯನ್ನು ಹುಡುಕುತ್ತಿದ್ದಳು. ಕೊನೆಗೆ ಉಳಿದವರು ಇಬ್ಬರು. ಒಬ್ಬಳು ಇವಳು. ಓದು ಮುಗಿಸಿದಾಗಿನಿಂದ ಇವಳು ಕನಸು ಕಂಡದ್ದು ಆ ಕುರ್ಚಿಯೊಂದನ್ನೇ.

ಯಜಮಾನಿಯದೊಂದು ಹಟವಿತ್ತು. ಮನೆಯಲ್ಲಿ ಕುಡಿಯುವ ಚಹಾವನ್ನು ಮನೆಯ ನೀರಲ್ಲಿ, ಮನೆಯ ಪಾತ್ರೆಯಲ್ಲೇ ರುಚಿ ನೋಡಬೇಕು. ಅದಕ್ಕೇ ಕಂಪನಿಯ ರುಚಿ ನೋಡುವವನು ವಾರಕ್ಕೊಮ್ಮೆ ಮನೆಗೇ ಬಂದು ಅವಳ ಚಹಾಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು, ಕೊನೆಯ ದಿನ ಯಜಮಾನಿಯೇ ಬರುವುದು ಎಂದು ನಿಶ್ಚಯವಾಗಿತ್ತು.

ಆ ರುಚಿ ನೋಡುವವನೇ ಇವನು.

* * *

ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳು ಸಾಲಾಗಿ ಕೂತವು. ಪುದೀನ, ಗುಲಾಬಿ, ಶುಂಠಿ, ಮಲ್ಲಿಗೆ, ಏಲಕ್ಕಿ.

ಅವನು ಚಮಚ ಎತ್ತಿ “ಸೊರ್‍ರ್” ಎಂದು ಗಾಳಿಯ ಸಮೇತ ಎಳೆದ. ಇಡೀ ಮನೆಗೆ ಕೇಳುವಂತೆ! ಚಿಕ್ಕಮ್ಮ ನಗು ತಡೆಯಲಾರದೆ ಒಳಗೆ ಓಡಿದಳು. ಅವತ್ತಿನಿಂದ ಆ ಮನೆಯಲ್ಲಿ ಅವನಿಗೆ ಸೊರ್ರಪ್ಪ ಎಂದೇ ಹೆಸರಾಯಿತು.

ಅವಳಿಗೆ ನಗು ಬರಲಿಲ್ಲ.

ನಾಲಿಗೆ ಪೂರ್ತಿ ಸತ್ತಿರಲಿಲ್ಲ. ಸಿಹಿ, ಕಹಿ, ಒಗರು ಗೊತ್ತಾಗುತ್ತಿತ್ತು. ಶುಂಠಿ ಗಂಟಲು ಚುರುಗುಟ್ಟಿಸುತ್ತಿತ್ತು. ಪುದೀನ ತಣ್ಣಗಾಗಿಸುತ್ತಿತ್ತು. ಆದರೆ ಗುಲಾಬಿಗೂ ಮಲ್ಲಿಗೆಗೂ ಅವಳಿಗೆ ವ್ಯತ್ಯಾಸವೇ ಇರಲಿಲ್ಲ. ಎರಡೂ ಬರೀ ಬಿಸಿನೀರು.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಮೇಜಿನ ಸುತ್ತ ಇರುವವರೆಲ್ಲ ಚಮಚ ಕೆಳಗಿಡುವ ತನಕ ಯಾರೂ ತುಟಿ ಬಿಚ್ಚಬಾರದು. ಒಬ್ಬರ ಮಾತು ಇನ್ನೊಬ್ಬರ ನಾಲಿಗೆಯನ್ನು ಕೆಡಿಸುತ್ತದಂತೆ. ಏನೂ ಬಾರದ ಹೊಸಬರಿಗೆ ಕಲಿಸುವಾಗ ಮಾತ್ರ ಗುರುವಾದವರು ಮೊದಲು ಬಾಯಿ ತೆರೆಯುವುದು.

ಅವಳ ಚಮಚ ಇನ್ನೂ ತುಟಿಗೆ ಮುಟ್ಟಿರಲಿಲ್ಲ...

“ಇದರಲ್ಲಿ ಗುಲಾಬಿ ತುಂಬಾ ಮುಂದೆ ಬಂದಿದೆ,” ಎಂದುಬಿಟ್ಟ ಅವನು! “ಸೋಪಿನ ಹತ್ತಿರ ಹೋಗ್ತಾ ಇದೆ. ಅರ್ಧ ಚಿಟಿಕೆ ಕಡಿಮೆ ಮಾಡಿದ್ರೆ ಸರಿ. ಪಕ್ಕದ ಮಲ್ಲಿಗೆ ಮಾತ್ರ ಸರಿಯಾಗಿ ಕೂತಿದೆ. ಏಲಕ್ಕಿ ಸ್ವಲ್ಪ ಹಳೇದು, ಕರ್ಪೂರದ ಥರ ಬರ್ತಿದೆ.”

ಅವಳ ಕೆನ್ನೆ ಧಗ್ಗೆಂದಿತು. ‘ಎಷ್ಟು ಕೊಬ್ಬು! ನನ್ನ ಮನೇಲಿ, ನನ್ನ ಮೇಜಿನ ಮುಂದೆ ಕೂತು, ನನ್ನನ್ನೇ ಹೊಸಬಳ ಹಾಗೆ ನೋಡ್ತಾನಲ್ಲ!’

ಆದರೆ ಅವಳ ಮನಸ್ಸಿನ ಇನ್ನೊಂದು ಮೂಲೆ ಆ ಮಾತನ್ನೆಲ್ಲ ಗಬಗಬನೆ ಬಾಚಿಕೊಳ್ಳುತ್ತಿತ್ತು. ಗುಲಾಬಿ ಅರ್ಧ ಚಿಟಿಕೆ ಕಡಿಮೆ... ಏಲಕ್ಕಿ ಹೊಸದು ತರಬೇಕು...

“ನನಗೂ ಹಾಗೇ ಅನ್ನಿಸ್ತು,” ಎಂದಳು ಬಿಗಿದ ದನಿಯಲ್ಲಿ.

“ಅನ್ನಿಸಿರುತ್ತೆ,” ಎಂದ ಅವನು. ಆ ದನಿಯಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಇತ್ತು ಎಂದೇ ತೀರ್ಮಾನಿಸಿದಳು. ಕೋಪ ಬಂದವರಿಗೆ ತೀರ್ಮಾನ ಬೇಗ ಸಿಗುತ್ತದೆ, ನೋಡಿ!

* * *

ವಾರಗಳು ಕಳೆದವು. ಅವನು ಬಂದಾಗಲೆಲ್ಲ ಇದೇ ಕಥೆ. ಬಟ್ಟಲು ಮುಂದಿಟ್ಟರೆ ಸಾಕು, ಬಾಯಿ ಬಿಡುತ್ತಿದ್ದ. ಎಷ್ಟು ವಿವರವಾಗಿ! ದಾಲ್ಚಿನ್ನಿ ಎಲ್ಲಿ ನಿಂತಿದೆ, ನಿಂಬೆ ಹುಲ್ಲು ಯಾವಾಗ ಬಂದು ಯಾವಾಗ ಹೋಗುತ್ತದೆ... ಕುರುಡರಿಗೆ ದಾರಿ ಹೇಳಿದ ಹಾಗೆ.

ಅವಳು ಮನಸ್ಸಿನಲ್ಲೇ ಅವನಿಗೆ ಹಿಡಿಶಾಪ ಹಾಕುತ್ತಿದ್ದಳು. ಅವನು ಹೋದ ಮೇಲೆ ಅವನ ಮಾತನ್ನೇ ಹಿಡಿದು ಬೆರಕೆ ತಿದ್ದುತ್ತಿದ್ದಳು.

ಒಂದು ದಿನ ಅವನು ಎದುರಿಗೇ ಕೂತಿದ್ದಾಗ ಚಿಕ್ಕಮ್ಮ ಹಾಲಿನ ಪಾತ್ರೆ ತಂದು ಅವಳ ಮೂಗಿಗೇ ಹಿಡಿದಳು. “ಕೆಟ್ಟಿದೆಯಾ ನೋಡೇ. ನಿಮ್ಮ ಹೂವಿನ ನೀರು ನನಗೆ ಸೇರಲ್ಲ. ನಾನು ಹಾಲು ಹಾಕ್ಕೊಂಡೇ ಕುಡಿಯೋಳು.”

ಅವಳು ಮೂಸಿದಳು. ಏನೂ ಇಲ್ಲ.

“ಚೆನ್ನಾಗಿದೆ ಚಿಕ್ಕಮ್ಮ.”

ಒಲೆಯ ಮೇಲಿಟ್ಟ ಕೂಡಲೇ ಹಾಲು ಗರಣೆ ಗರಣೆಯಾಗಿ ಒಡೆಯಿತು!

“ಅಯ್ಯೋ, ಇದೇನೇ? ಚೆನ್ನಾಗಿದೆ ಅಂದೆ!” ಚಿಕ್ಕಮ್ಮ ಸೊಂಟದ ಮೇಲೆ ಕೈ ಇಟ್ಟು ತಿರುಗಿದಳು.

ಮುಗಿಯಿತು... ಎಲ್ಲ ಮುಗಿಯಿತು...

“ಕ್ಷಮಿಸಿ ಅಮ್ಮ, ತಪ್ಪು ನಂದು,” ಎಂದ ಅವನು ಥಟ್ಟನೆ. “ಆಗಲೇ ಆ ಪಾತ್ರೆಯಲ್ಲಿ ನಿಂಬೆಹಣ್ಣು ಹಿಂಡಿದ್ದೆ. ತೊಳೆಯೋಕೆ ಮರೆತೆ.”

“ಒಳ್ಳೇ ಸೊರ್ರಪ್ಪ!” ಎಂದು ಬಾಯಿ ತಪ್ಪಿ ಅಂದು, ನಾಲಿಗೆ ಕಚ್ಚಿಕೊಂಡು ಚಿಕ್ಕಮ್ಮ ಓಡಿಯೇ ಹೋದಳು. ಅವನು ಜೋರಾಗಿ ನಕ್ಕ. ಆ ನಗು ಎಷ್ಟು ಚೆನ್ನಾಗಿತ್ತೆಂದರೆ, ಅವಳೂ ತನ್ನ ಗಾಬರಿ ಮರೆತು ನಕ್ಕುಬಿಟ್ಟಳು. ಚಹಾ ಪಾತ್ರೆಯ ಮುಚ್ಚಳ ಎತ್ತಲು ಇಬ್ಬರೂ ಒಂದೇ ಸಲ ಕೈ ಚಾಚಿದರು. ಬೆರಳಿಗೆ ಬೆರಳು ತಾಗಿತು. ಯಾರೂ ಬೇಗ ಹಿಂದಕ್ಕೆ ತೆಗೆಯಲಿಲ್ಲ.

ಅವನು ನಿಂಬೆಹಣ್ಣು ಹಿಂಡಿದ್ದು ಯಾವಾಗ ಎಂದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲಿಲ್ಲ. ಹೊಳೆಯುವ ಸ್ಥಿತಿಯಲ್ಲಿ ಅವಳಿರಲೂ ಇಲ್ಲ.

ಆಮೇಲೆ ಅವನು ಬರುವ ದಿನ ಬೆಳಗ್ಗೆಯಿಂದಲೇ ಮೆಟ್ಟಿಲ ಕಡೆ ಅವಳ ಕಿವಿ. ‘ನಾಚಿಕೆ ಆಗಲ್ವಾ ನಿನಗೆ? ಅವನು ನಿನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ!’ ಎಂದು ತನ್ನನ್ನೇ ಬೈದುಕೊಂಡರೂ ಕಿವಿ ಕೇಳಬೇಕಲ್ಲ!

ಆ ಸಂತೋಷಕ್ಕೂ ಕಲ್ಲು ಬಿತ್ತು. ಯಜಮಾನಿ ಬರುವ ಹಿಂದಿನ ದಿನ ಚಿಕ್ಕಮ್ಮ ಪೇಟೆಯಿಂದ ಸುದ್ದಿ ತಂದಳು.

“ಕೇಳಿದ್ಯಾ? ಆ ಇನ್ನೊಬ್ಬಳು ಯಾರು ಗೊತ್ತಾ? ನಮ್ಮ ಸೊರ್ರಪ್ಪನ ಸ್ವಂತ ಅತ್ತೆ ಮಗಳಂತೆ!”

ಅತ್ತೆ ಮಗಳು!

ಅವಳ ಕಣ್ಣ ಮುಂದೆ ಎಲ್ಲವೂ ಒಂದೇ ಏಟಿಗೆ ಸರಿಹೊಂದಿತು. ಅದಕ್ಕೇ ಮೊದಲೇ ಬಾಯಿ ಬಿಡುವುದು! ಇವಳಿಗೆ ಏನೂ ಬರುವುದಿಲ್ಲ, ಎಲ್ಲ ತಾನೇ ಹೇಳಿಕೊಟ್ಟೆ ಎಂದು ನಾಳೆ ತೋರಿಸುವುದಕ್ಕೆ! ಕುರ್ಚಿ ಅತ್ತೆ ಮಗಳಿಗೆ, ಅತ್ತೆ ಮಗಳು ಇವನಿಗೆ...

ಸಂಜೆ ಅವನು ಕೊನೆಯ ಸಲ ಬಟ್ಟಲುಗಳನ್ನು ನೋಡಲು ಬಂದಾಗ ಅವಳು ಬಾಗಿಲಲ್ಲೇ ತಡೆದಳು.

“ಕಸುಬಿನ ಮರ್ಯಾದೆ ನಿಮಗೆ ಗೊತ್ತಿಲ್ವಾ?”

ಅವನ ಮುಖ ಸಪ್ಪಗಾಯಿತು. “ಗೊತ್ತು.”

“ಮತ್ತೆ ಯಾಕೆ ಪ್ರತಿ ಸಲ ನನಗಿಂತ ಮುಂಚೆ ಮಾತಾಡ್ತೀರಾ? ನಾನೇನು ನಿಮ್ಮ ಹತ್ರ ಪಾಠ ಹೇಳಿಸ್ಕೊಳ್ಳೋಕೆ ಬಂದವಳಾ?”

ಅವನು ಅವಳ ಹೆಗಲಾಚೆ ನೋಡಿದ. ಹಿಂದೆ ಚಿಕ್ಕಮ್ಮ ಕಿವಿ ನೆಟ್ಟಗೆ ಮಾಡಿ ನಿಂತಿದ್ದಳು.

“ಅಭ್ಯಾಸ... ಕ್ಷಮಿಸಿ.”

“ನಾಳೆ ನಿಮ್ಮ ಯಜಮಾನಿ ಮುಂದೆ ದಯವಿಟ್ಟು ಬಾಯಿ ಮುಚ್ಕೊಂಡಿರಿ!”

“ಹಾಗೆ ಇದ್ರೆ ನೀವು...”

“ನನ್ನ ಚಿಂತೆ ನಿಮಗೆ ಬೇಡ!” ಅವಳು ಬಾಗಿಲು ಹಾಕಿಕೊಂಡಳು. ಹಾಕಿಕೊಂಡ ಬಾಗಿಲಿಗೇ ಒರಗಿ ಅತ್ತಳು.

* * *

ಮರುದಿನ ಮಧ್ಯಾಹ್ನ ಯಜಮಾನಿ ಬಂದಳು. ಬೆಳ್ಳಿ ಕೂದಲು, ಕಡಿಮೆ ಮಾತು. ಬಂದವಳೇ ಎಲ್ಲರನ್ನೂ ಅಡುಗೆಮನೆಯಿಂದ ಹೊರಗೆ ಕಳಿಸಿ, ತಾನೇ ನೀರು ಕಾಯಿಸಿ, ತಾನೇ ಸೋಸಿ, ಮೂರು ಬಟ್ಟಲುಗಳನ್ನು ಅದಲುಬದಲು ಮಾಡಿಟ್ಟಳು.

“ಎಲ್ಲ ನಿನ್ನದೇ ಬೆರಕೆ,” ಎಂದಳು ಕೂರುತ್ತಾ. “ತನ್ನ ಕೂಸು ಯಾವುದು ಅಂತ ತಾಯಿಗೆ ಗೊತ್ತಿರಬೇಕು. ರುಚಿ ನೋಡು. ಆಮೇಲೆ ಯಾವುದು ಯಾವುದು ಅಂತ ಹೇಳು.”

ಚಿಕ್ಕಮ್ಮ ಗೋಡೆಗೆ ಒರಗಿ ಹೆಮ್ಮೆಯಿಂದ ನಗುತ್ತಿದ್ದಳು. ಪಾಪ!

ಮೊದಲ ಬಟ್ಟಲು ಗಂಟಲು ಚುರುಗುಟ್ಟಿಸಿತು. ಶುಂಠಿ. ಸದ್ಯ!

ಎರಡನೆಯದು... ಬಿಸಿನೀರು.

ಮೂರನೆಯದು... ಬಿಸಿನೀರು.

ಬಣ್ಣ ನೋಡಿದಳು. ಎರಡೂ ಒಂದೇ. ಮತ್ತೆ ಎಳೆದಳು. ಒಗರೂ ಒಂದೇ. ಯಜಮಾನಿಯ ಚಮಚ ಟಣ್ ಎಂದು ಕೆಳಗೆ ಕೂತಿತು. ಅವನ ಚಮಚವೂ ಕೂತಿತು. ಉಳಿದದ್ದು ಅವಳದೊಂದೇ. ಅದನ್ನು ಕೆಳಗಿಟ್ಟರೆ ಉತ್ತರ ಹೇಳಬೇಕು.

ಗೋಡೆ ಗಡಿಯಾರದ ಸದ್ದು ತಲೆಗೆ ಹೊಡೆದಂತೆ ಕೇಳುತ್ತಿತ್ತು. ಏನಾದರೊಂದು ಹೇಳಿಬಿಡಲೇ? ಒಂದೋ ಗೆಲುವು, ಇಲ್ಲವೋ...

“ನಡುವಿನದು ಮಲ್ಲಿಗೆ. ಆ ಕಡೆಯದು ಗುಲಾಬಿ.”

ಮಾತಾಡಿದವನು ಅವನು!

ಯಜಮಾನಿಯ ತಲೆ ನಿಧಾನವಾಗಿ ತಿರುಗಿತು. “ನಿನ್ನನ್ನ ಕೇಳಿದ್ನಾ?”

“ಇಲ್ಲಮ್ಮ.”

“ಅವಳ ಚಮಚ ಇನ್ನೂ ಕೈಯಲ್ಲಿದೆ. ನನ್ನ ಮೇಜಿನಲ್ಲಿ ಬೆಳೆದವನು ನೀನು. ಇಷ್ಟೂ ಗೊತ್ತಿಲ್ವಾ?”

“ಗೊತ್ತಮ್ಮ. ತಪ್ಪಾಯ್ತು.”

“ತಪ್ಪಾಯ್ತು ಅಂದ್ರೆ ಆಗಲಿಲ್ಲ. ಇನ್ನು ಮೇಲೆ ನೀನು ಈ ಮೇಜಿಗೆ ಕೂರೋದು ಬೇಡ.”

ಅವನು ತಲೆ ತಗ್ಗಿಸಿದ. ತಗ್ಗಿದ ತಲೆಯಲ್ಲೇ ಒಮ್ಮೆ ಕಣ್ಣೆತ್ತಿ ಅವಳನ್ನು ನೋಡಿದ. ‘ಹೇಳಿ... ನಾನು ಹೇಳಿದ್ದನ್ನೇ ಹೇಳಿಬಿಡಿ...’ ಎಂದು ಆ ಕಣ್ಣು ಬೇಡುತ್ತಿತ್ತು.

ಅವಳು ಅವನ ಮುಖವನ್ನೇ ನೋಡಿದಳು.

ಕೊಬ್ಬು ತೋರಿಸುವವನ ಮುಖ ಹೀಗೆ ಬಿಳಿಚಿಕೊಳ್ಳುತ್ತದಾ? ಅತ್ತೆ ಮಗಳನ್ನು ಗೆಲ್ಲಿಸುವವನು ಇವಳ ಉತ್ತರವನ್ನು ತಾನೇ ಹೇಳಿ ಕೆಲಸ ಕಳೆದುಕೊಳ್ಳುತ್ತಾನಾ? ಹಾಲು ಒಡೆದ ದಿನ ಅವನು ನಿಂಬೆಹಣ್ಣು ಮುಟ್ಟಿಯೇ ಇರಲಿಲ್ಲವಲ್ಲ!

ಅವನಿಗೆ ಗೊತ್ತು. ಮೊದಲ ದಿನದಿಂದಲೂ ಗೊತ್ತು! ಗೊತ್ತಿದ್ದೂ ಯಾರಿಗೂ ಹೇಳದೆ, ಬಟ್ಟಲು ಬಟ್ಟಲಿಗೂ ತನ್ನ ಮೂಗನ್ನು ಇವಳಿಗೆ ಸಾಲ ಕೊಡುತ್ತಾ ಬಂದಿದ್ದಾನೆ. ಮರ್ಯಾದೆಗೆಟ್ಟವನೆಂದು ಅನ್ನಿಸಿಕೊಂಡರೂ ಸರಿ ಎಂದು...

ಉತ್ತರ ಈಗ ಅವಳ ಕೈಯಲ್ಲಿತ್ತು. ಒಂದು ಮಾತು ಸಾಕು, ಕುರ್ಚಿ ಅವಳದು.

ಅವಳು ಚಮಚ ಕೆಳಗಿಟ್ಟಳು.

“ಅವರನ್ನ ಬೈಬೇಡಿ ಅಮ್ಮ. ಅವರು ಮಾತಾಡಿದ್ದು ನನಗೋಸ್ಕರ.” ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. “ನನಗೆ... ವಾಸನೆ ಬರಲ್ಲ.”

ಚಿಕ್ಕಮ್ಮನ ನಗು ಮುಖದ ಮೇಲೇ ನಿಂತುಹೋಯಿತು. “ಏನೇ ಹೇಳ್ತಿದ್ದೀಯಾ?”

“ಜ್ವರ ಬಂದಾಗಿನಿಂದ ಬರ್ತಿಲ್ಲ ಚಿಕ್ಕಮ್ಮ. ಯಾವುದು ಗುಲಾಬಿ, ಯಾವುದು ಮಲ್ಲಿಗೆ ನನಗೆ ಗೊತ್ತಾಗಲ್ಲ. ನಾನು ಎಲ್ಲರಿಗೂ ಸುಳ್ಳು ಹೇಳಿದೆ.”

ಯಜಮಾನಿ ಅವಳ ಕಡೆ ತಿರುಗಿದಳು. “ಮತ್ತೆ ಇದನ್ನೆಲ್ಲ ಬೆರೆಸಿದ್ದು ಹೇಗೆ?”

“ನೆನಪಿನಿಂದ. ತಿದ್ದಿದ್ದು ಅವರ ಮಾತು ಕೇಳಿ.”

ಯಜಮಾನಿ ನಡುವಿನ ಬಟ್ಟಲನ್ನೆತ್ತಿ, ಈ ಸಲ ಚಮಚ ಇಲ್ಲದೆ, ಸುಮ್ಮನೆ ಮನೆಯವರು ಕುಡಿಯುವ ಹಾಗೆ ಕುಡಿದಳು. ಪೂರ್ತಿ ಕುಡಿದಳು.

“ಈ ಮಲ್ಲಿಗೆ ಚಹಾ ನಾನು ತಗೋತೀನಿ. ನಿನ್ನ ಹೆಸರಲ್ಲೇ ಮಾರ್ತೀನಿ. ಆದರೆ ಕುರ್ಚಿ ಕೊಡೋಕಾಗಲ್ಲ, ತಾಯಿ. ಮೂಗಿಲ್ಲದೆ ಆ ಕೋಣೆಯಲ್ಲಿ ಕೂರೋಕಾಗಲ್ಲ.”

“ಗೊತ್ತಮ್ಮ.”

ಬಾಗಿಲ ಹತ್ತಿರ ಯಜಮಾನಿ ಅವನ ಕಡೆ ತಿರುಗಿದಳು. “ನೀನು ನಾಳೆಯಿಂದ ಗೋದಾಮು ನೋಡ್ಕೋ. ಯಾರಿಗೋಸ್ಕರವೇ ಆಗಲಿ, ಮೇಜಿನಲ್ಲಿ ಸುಳ್ಳಾಡಬಾರದು.”

* * *

ಯಜಮಾನಿ ಹೋದ ಮೇಲೆ ಚಿಕ್ಕಮ್ಮನ ಕಟ್ಟೆ ಒಡೆಯಿತು.

“ನನಗೂ ಹೇಳ್ಬಾರದಿತ್ತಾ? ನಾನೇನು ಹೊರಗಿನವಳಾ? ಮೂಗುರಾಣಿ ಮೂಗುರಾಣಿ ಅಂತ ದಿನಾ ಕರೀತಿದ್ನಲ್ಲೇ... ಎಷ್ಟು ಚುಚ್ಚಿರಬೇಕು ನಿನಗೆ!” ಅವಳನ್ನು ತಬ್ಬಿ ಅತ್ತಳು, ಬೈದಳು, ಮತ್ತೆ ಅತ್ತಳು. ಕೊನೆಗೆ ಅವನ ಕಡೆ ನೋಡಿ ಮೂಗೊರೆಸಿಕೊಂಡು, “ನಾನು ಚೀಟಿ ಅಂಟಿಸ್ಬೇಕು. ನೀವಿಬ್ರೂ ಜಗಳ ಏನಿದ್ರೂ ಮುಗಿಸ್ಕೊಳ್ಳಿ,” ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಕಿವಿ ಬಾಗಿಲಿಗೇ ಅಂಟಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಬಟ್ಟಲುಗಳು ತಣ್ಣಗಾಗುತ್ತಿದ್ದವು.

“ಯಾಕೆ ಹಾಗೆ ಮಾಡಿದ್ರಿ?” ಎಂದಳು ಅವಳು. “ನಿಮ್ಮ ಕೆಲಸ ಹೋಯ್ತು. ನಿಮ್ಮ ಅತ್ತೆ ಮಗಳಿಗೂ ಅನ್ಯಾಯ ಆಗ್ತಿತ್ತು.”

“ಆಗ್ತಿತ್ತು. ಅದಕ್ಕೇ ಇಷ್ಟು ದಿನ ಅವಳ ಮುಖ ನೋಡೋಕೆ ಆಗ್ತಿರ್ಲಿಲ್ಲ. ಅವಳ ಗಂಡ ನನ್ನ ಸ್ನೇಹಿತ ಬೇರೆ.”

‘ಗಂಡ!’ ಅವಳ ಎದೆಯಿಂದ ದೊಡ್ಡ ಬಂಡೆಯೇ ಉರುಳಿತು. ಇಂಥ ಹೊತ್ತಿನಲ್ಲೂ!

“ನೀವು ನಿಜ ಹೇಳಿದಾಗ ನನಗೆ ಉಸಿರು ಬಂತು ರೀ,” ಎಂದ ಅವನು. “ನಾನು ಮಾಡಿದ್ದು ಸರಿ ಅಂತ ಹೇಳಲ್ಲ. ಮೊದಲ ದಿನ ಒಲೆ ಹತ್ರ ನೋಡಿದಾಗಲೇ ಗೊತ್ತಾಯ್ತು. ಹೋಗಿ ಯಜಮಾನಿಗೆ ಹೇಳ್ಬೇಕಿತ್ತು. ಆದರೆ ನೀವು ಕಣ್ಣು ಮುಚ್ಚಿ ಮಲ್ಲಿಗೆ ಬೆರೆಸ್ತಿದ್ರಿ... ಏನೂ ಬರದೇ ಇದ್ರೂ, ಬೆರಳಲ್ಲೇ ಜ್ಞಾಪಿಸ್ಕೊಂಡು. ಮೂಗಿದ್ದೂ ನನಗೆ ಅಷ್ಟು ಬರಲ್ಲ. ಅವತ್ತು ಹೇಳೋಕಾಗ್ಲಿಲ್ಲ. ಆಮೇಲೆ... ಹೇಳಿದ್ರೆ ಈ ಮನೆಗೆ ಬರೋದು ನಿಂತುಹೋಗುತ್ತೆ ಅನ್ನೋ ಹೆದರಿಕೆ.”

“ಚಹಾ ಮೇಲೆ ಅಷ್ಟು ಆಸೆನಾ?” ಎಂದಳು, ನೆಲ ನೋಡುತ್ತಾ.

“ಚಹಾ ಎಲ್ಲಿ ಬೇಕಾದ್ರೂ ಸಿಗುತ್ತೆ. ನನಗೆ ನೀವು ಬೇಕು.”

ಇಷ್ಟು ನೇರವಾಗಿ ಹೇಳುತ್ತಾನೆಂದು ಅವಳು ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು. ಒಂದೇ ದಿನದಲ್ಲಿ ಅಷ್ಟು ವರ್ಷದ ಕನಸು ಹೋಗಿತ್ತು. ಆ ನೋವು ಹಾಗೇ ಇತ್ತು. ಅದರ ಪಕ್ಕದಲ್ಲೇ ಈ ಸುಖವೂ ಬಂದು ಕೂತಿತ್ತು. ಎರಡನ್ನೂ ಹೊತ್ತು ನಿಂತವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

ಅವಳು ಅವನ ಎದೆಗೆ ತಲೆ ಒರಗಿಸಿದಳು. ಅಭ್ಯಾಸಬಲದಿಂದ ಉದ್ದಕ್ಕೆ ಉಸಿರೆಳೆದುಕೊಂಡಳು. ಏನೂ ಬರಲಿಲ್ಲ.

“ಏನಾಯ್ತು?”

“ನೀವು ಹೇಗೆ ಘಮ್ ಅಂತೀರೋ... ನನಗೆ ಗೊತ್ತೇ ಆಗ್ತಿಲ್ಲ. ಅದೊಂದೇ ಸಂಕಟ.”

ಅವನು ಮೆಲ್ಲಗೆ ನಕ್ಕ. “ರುಚಿ ನೋಡೋರು ಸೆಂಟು ಹಾಕೋ ಹಾಗಿಲ್ಲ, ಘಮಘಮ ಸೋಪೂ ಇಲ್ಲ, ಎಣ್ಣೆಯೂ ಇಲ್ಲ. ನನ್ನ ಹತ್ರ ವಾಸನೆ ಅನ್ನೋದೇ ಇಲ್ಲ ರೀ!”

“ನಿಜವಾಗ್ಲೂ?”

“ಆಣೆಗೂ.”

“ಹಾಗಾದ್ರೆ... ನಾನೇನೂ ಕಳ್ಕೊಂಡಿಲ್ಲ ಬಿಡಿ.” ಅಳುತ್ತಲೇ ಅವಳ ತುಟಿ ಅರಳಿತು.

“ನಾಳೆಯಿಂದ ಗೋದಾಮು. ಇನ್ನು ಸೆಂಟು ಹಾಕಬಹುದು.”

“ಬೇಡ! ನನ್ನ ಮೂಗು ವಾಪಸ್ ಬರೋ ತನಕ ಹೀಗೇ ಇರಿ.”

“ಬರದೇ ಇದ್ರೆ?”

ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ಆಗಲೂ ಇಲ್ಲೇ ಇರಿ.”